ಬಚ್ಚಲ ಪೈಪಿನಲ್ಲಿ ನಿಲ್ಲಬೇಕಾದ ನೀರು

ಕಾಫಿ ಹೂ ಬಿಟ್ಟ ವಾರದಲ್ಲಿ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಓಡಾಡುವುದನ್ನು ನಾನು ಒಂದೇ ಒಂದು ಮನೆಯಲ್ಲಿ ನೋಡಿದ್ದೇನೆ. ಬಾಳೂರಿನ ಕಡೆಯ ಎಸ್ಟೇಟು ಅದು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಸ್ಪ್ರಿಂಕ್ಲರ್ ನೀರು ಕುಡಿದು ಗುಡ್ಡವಿಡೀ ಬೆಳ್ಳಗೆ ಅರಳಿತ್ತು. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದ ನನ್ನನ್ನು ಎಸ್ಟೇಟಿನ ಜೀಪು ಹತ್ತಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಆ ಘಮ. ಅದನ್ನೇ ಎಳೆದುಕೊಳ್ಳುತ್ತ ಜಗಲಿ ಹತ್ತಿ ಒಳಗೆ ಕಾಲಿಟ್ಟೆನೋ ಇಲ್ಲವೋ, ಕೊಳೆತ ಮೊಟ್ಟೆಯ ನಾತ ಮುಖಕ್ಕೆ ರಾಚಿತು.

“ಬಂತಾ?” ಎಂದರು ಗೌಡ್ರು, ನನ್ನ ಮುಖ ನೋಡಿ.

“ಬಂತು.”

“ಸದ್ಯ! ನಮ್ಗೆ ಮಾತ್ರ ಬರ್ತದೆ, ಯಾರೋ ಮಾಟ ಮಾಡ್ಸಿದಾರೆ ಅಂತಿದ್ಲು ಇವ್ಳು.”

ಗೌಡ್ರು ಎಂದರೆ ಆ ತೋಟದ ಯಜಮಾನರು. ‘ಇವ್ಳು’ ಎಂದರೆ ಅವರ ಹೆಂಡತಿ. ತೋಟದ ಆಳುಗಳ ಹಾಗೆ ನಾನೂ ಅವರನ್ನು ಅಮ್ಮಾವ್ರು ಎಂದೇ ಕರೆಯುತ್ತಿದ್ದೆ. ನಾನು ಮೂಡಿಗೆರೆಯಲ್ಲಿ ನಲ್ಲಿ, ಬೇಸಿನ್ನು, ಪೈಪು ಕೂರಿಸುವವನು. ನನ್ನನ್ನು ಕರೆಸುವ ಮೊದಲು ಅವರು ಮಾಡಿದ್ದನ್ನೆಲ್ಲ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಟ್ಟದ ಮೇಲೆ ಪುನುಗು ಬೆಕ್ಕು ಸತ್ತಿರಬೇಕೆಂದು ಹೆಂಚು ತೆಗೆಸಿ ಹುಡುಕಿದ್ದರು. ಸಿಕ್ಕಿದ್ದು ಒಂದು ಹಳೇ ಚಪ್ಪಲಿ. ಆಮೇಲೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಕೊಳೆನೀರು ಇರಬೇಕೆಂದು ಅದರ ಗುಂಡಿಗೆ ಸುಣ್ಣ ಸುರಿಸಿದ್ದರು. ಹಣ್ಣಿನ ಕೆಲಸ ಮುಗಿದು, ಗುಂಡಿ ಒಣಗಿ ಎಷ್ಟೋ ಕಾಲವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಆದರೆ ನಗುವ ಹಾಗಿರಲಿಲ್ಲ. ಒಳಕೋಣೆಯಲ್ಲಿ ಅವರ ಒಬ್ಬಳೇ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚೊಚ್ಚಲ ಬಸುರಿ, ಏಳು ತುಂಬಿತ್ತು. ಸೀಮಂತ ಮುಗಿಸಿ ತವರಿಗೆ ಕರೆತಂದ ಮೇಲೆ ಈ ನಾತಕ್ಕೆ ತಿಂದದ್ದೆಲ್ಲ ವಾಂತಿ. ಬಸುರಿಯ ಮೂಗು ನಮ್ಮ ನಿಮ್ಮ ಮೂಗಿನಂತಲ್ಲ. ಡಾಕ್ಟರು ತೂಕ ನೋಡಿ, “ಹೀಗೇ ಇಳೀತಾ ಹೋದ್ರೆ ಇಲ್ಲಿ ಇಟ್ಕೋಬೇಡಿ” ಎಂದಿದ್ದರಂತೆ. ಹಾಸನದಲ್ಲಿದ್ದ ಅಳಿಯ ಫೋನು ಮಾಡಿದಾಗಲೆಲ್ಲ, ವಾಪಸು ಕರೆದುಕೊಂಡು ಹೋಗುತ್ತೇನೆ, ನಮ್ಮಮ್ಮನೇ ಬಾಣಂತನ ಮಾಡುತ್ತಾರೆ ಎನ್ನುತ್ತಿದ್ದ. ಅವನದು ತಪ್ಪೆನ್ನಲಾಗದು. ಹೆಂಡತಿ ಊಟ ಬಿಟ್ಟರೆ ಯಾವ ಗಂಡ ಸುಮ್ಮನಿರುತ್ತಾನೆ?

ಅಮ್ಮಾವ್ರು ನನಗೆ ಕಾಫಿ ಕೊಟ್ಟು ಬಾಗಿಲ ಬಳಿಯೇ ನಿಂತರು. “ನಂಗೆ ಬಾಣಂತನ ಮಾಡೋಕೆ ಅಮ್ಮ ಇರ್ಲಿಲ್ಲ ಕಣಪ್ಪ. ಬೆನ್ನಿಗೆ ಒಂದು ಚೊಂಬು ಬಿಸಿನೀರು ಹಾಕ್ಸೋಕೂ ಇನ್ನೊಬ್ರ ಮುಖ ನೋಡ್ಬೇಕಿತ್ತು. ಇವ್ಳಿಗೆ ನನ್ನ ಕೈಯಾರೆ ನೀರು ಹಾಕ್ಬೇಕು ಅಂತ್ಲೇ ಇವ್ಳ ಕೋಣೆಗೆ ಅಂಟಿಸಿ ಹೊಸ ಬಚ್ಚಲು ಕಟ್ಸಿದ್ದು. ಈಗ ನೋಡಿದ್ರೆ ಮನೇಲಿ ನಿಲ್ಲೋಕೇ ಆಗ್ತಿಲ್ಲ ಅಂತಾಳೆ. ಹೆಂಗಾರ ಮಾಡಿ ಇದೊಂದು ಸರಿ ಮಾಡ್ಕೊಡು.”

ನಾನು ಕಾಫಿ ಲೋಟ ಕೆಳಗಿಟ್ಟೆ. ನಲ್ಲಿ ಸೋರುತ್ತದೆ ಎಂದು ಕರೆದರೆ ಅದೊಂದು ಲೆಕ್ಕ. ಒಬ್ಬ ತಾಯಿಯ ಇಂಥ ಆಸೆಯನ್ನು ಚೀಲದಲ್ಲಿ ರೆಂಚಿನ ಪಕ್ಕ ಹಾಕಿಕೊಂಡು ಓಡಾಡುವುದು ನನ್ನಂಥವನಿಗೆ ಒಗ್ಗುವುದಿಲ್ಲ.

ಹೊಸ ಬಚ್ಚಲಿಗೆ ಹೋದೆ. ಒಳ್ಳೆಯ ಕೆಲಸ, ಬಿಳಿ ಟೈಲ್ಸು, ಮೂಲೆಯಲ್ಲಿ ಹಂಡೆ, ಕೈತೊಳೆಯಲು ಬೇಸಿನ್ನು, ಬಚ್ಚಲಿಗೆ ಅಂಟಿದ ಪಾಯಿಖಾನೆ. “ಇಲ್ಲೇ ಅಂತ ನಂಗೂ ಒಂದ್ಸಲ ಅನ್ಸಿತ್ತು,” ಎಂದರು ಗೌಡ್ರು. “ಆದ್ರೆ ಮಾರಾಯ, ಪಾಯಿಖಾನೆಯಿಂದ್ಲೇ ಒಂಚೂರೂ ವಾಸನೆ ಬರ್ತಿಲ್ಲ. ಬಚ್ಚಲಲ್ಲಿ ಹೋಗೋದು ಬರೀ ಸೋಪಿನ ನೀರು. ಅದೆಂಗೆ ನಾರ್ತದೆ?”

ಮಾತು ಸರಿಯಾಗಿಯೇ ಇತ್ತು. ನಾನು ದೇವರ ಕೋಣೆಯಿಂದ ಒಂದು ಊದಿನಕಡ್ಡಿ ತರಿಸಿ ಹಚ್ಚಿ, ನೆಲದ ಮೋರಿಯ ಬಾಯಿಗೆ ಹಿಡಿದೆ. ಕಿಟಕಿ ಬಾಗಿಲು ಮುಚ್ಚಿಸಿದ್ದೆ. ಹೊಗೆ ನೆಟ್ಟಗೆ ಏರಲಿಲ್ಲ. ಕೆಳಗಿನಿಂದ ಯಾರೋ ಊದಿದಂತೆ ಕೋಣೆಯ ಕಡೆಗೆ ವಾಲಿತು. ಬೇಸಿನ್ನಿನ ತೂತಿಗೆ ಹಿಡಿದರೂ ಹಾಗೆಯೇ. ಪಾಯಿಖಾನೆಯ ಗುಂಡಿಗೆ ಹಿಡಿದಾಗ ಮಾತ್ರ ಅಲುಗಾಡದೆ ಏರಿತು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ.

ಹೊರಗೆ ಹೋಗಿ ನೋಡಿದೆ. ಮನೆ ಇಳಿಜಾರಿನಲ್ಲಿದ್ದುದರಿಂದ ಬಚ್ಚಲಿನ ಹೊರಗೋಡೆ ಎತ್ತರದ ಕಲ್ಲಿನ ತಳಪಾಯದ ಮೇಲೆ ನಿಂತಿತ್ತು. ನನ್ನ ಎದೆಮಟ್ಟದಲ್ಲಿ ಗೋಡೆಯಿಂದ ಎರಡೂವರೆ ಇಂಚಿನ ಪಿವಿಸಿ ಪೈಪು ಹೊರಬಂದು, ದಾರ ಹಿಡಿದು ಎಳೆದಷ್ಟು ನೇರವಾಗಿ ಕೆಳಗಿಳಿದಿತ್ತು. ಸ್ವಲ್ಪ ದೂರದಲ್ಲಿ ಪಾಯಿಖಾನೆಯ ಪೈಪು ಬಂದು ಅದನ್ನು ಸೇರಿತ್ತು. ಎರಡೂ ಒಂದಾಗಿ, ಕಾಫಿ ಗಿಡಗಳ ನಡುವಿನ ಸೆಪ್ಟಿಕ್ ಗುಂಡಿಗೆ ಹೋಗಿದ್ದವು. ಎಲ್ಲಿಯೂ ಒಂದು ಬಾಗು ಇರಲಿಲ್ಲ. ಟ್ರ್ಯಾಪ್ ಇರಲಿಲ್ಲ.

ಟ್ರ್ಯಾಪ್ ಎಂದರೆ ದೊಡ್ಡ ಯಂತ್ರವೇನಲ್ಲ. ಪೈಪನ್ನು ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲಕ್ಕೆತ್ತುವುದು, ಅಷ್ಟೇ. ನೀರು ಹರಿದು ಹೋದ ಮೇಲೆ ಆ ಬಾಗಿನಲ್ಲಿ ಒಂದು ಗುಟುಕು ನಿಂತಿರುತ್ತದೆ. ಮೇಲಿನಿಂದ ಬಂದ ನೀರು ಅದನ್ನು ತಳ್ಳಿ ಮುಂದೆ ಹೋಗುತ್ತದೆ, ಗುಂಡಿಯ ಗಾಳಿ ಮಾತ್ರ ಅದನ್ನು ದಾಟಿ ಒಳಗೆ ಬರಲಾರದು. ಪಾಯಿಖಾನೆಯ ಪಿಂಗಾಣಿಗೆ ಆ ಬಾಗು ಅಂಗಡಿಯಿಂದಲೇ ಜೊತೆಗೆ ಬಂದಿತ್ತು, ಹಾಗಾಗಿ ಅದು ನಾರುತ್ತಿರಲಿಲ್ಲ. ಅದರ ನಾತ ಬಚ್ಚಲಿನ ಬಾಯಿಯಿಂದ ಮನೆಗೆ ಬರುತ್ತಿತ್ತು.

ನಮ್ಮ ಕಡೆ ಇದು ಯಾರಿಗೂ ತಿಳಿಯದೇ ಇದ್ದುದಕ್ಕೆ ಕಾರಣವಿದೆ. ಹಿಂದೆ ಬಚ್ಚಲು ಮನೆಯ ಹೊರಗಿರುತ್ತಿತ್ತು. ಗೋಡೆಯಲ್ಲೊಂದು ತೂತು, ಆಚೆ ಬಾಳೆಗಿಡ, ಕೆಸುವಿನ ಎಲೆ. ನೀರು ಬೆಳಕಿಗೆ ಬಿದ್ದು ಮಣ್ಣಿಗೆ ಇಂಗುತ್ತಿತ್ತು. ಟ್ರ್ಯಾಪ್ ಯಾಕೆ ಬೇಕು? ಆಮೇಲೆ ಬಚ್ಚಲು ಮನೆಯೊಳಗೆ ಬಂತು, ಪೈಪೂ ಹಿಂದೆಯೇ ಬಂತು, ಟ್ರ್ಯಾಪ್ ಮಾತ್ರ ದಾರಿಯಲ್ಲೇ ಉಳಿಯಿತು.

“ಪೈಪ್ ಹಾಕಿದ್ದು ಯಾರು?” ಎಂದು ಕೇಳಿದೆ.

“ನಮ್ಮ ಪಂಪ್ ಮೇಸ್ತ್ರಿ. ಅವ್ನ ಕೈ ಭಾರೀ ಚೊಕ್ಕ ಮಾರಾಯ.”

ಪಂಪ್ ಮೇಸ್ತ್ರಿ ಎಂದರೆ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಸುವ ಹಿರಿಯಾಳು. ಕೆರೆಯಿಂದ ಗುಡ್ಡದ ನೆತ್ತಿಗೆ ನೀರು ಹತ್ತಿಸುವುದರಲ್ಲಿ ಆ ಸೀಮೆಯಲ್ಲೇ ಹೆಸರಾದವರು. ಉಳಿದ ತೋಟಕ್ಕೆ ಹೂವಿನ ನೀರು ಹೊಡೆಸುವ ಗಡಿಬಿಡಿಯಲ್ಲಿದ್ದವರನ್ನು ಕರೆಸಿದ್ದಕ್ಕೆ ಮುಖ ಗಂಟಿಕ್ಕಿಕೊಂಡೇ ಬಂದರು. ಅವರ ಕೆಲಸದಲ್ಲಿ ಪೈಪಿನ ಪ್ರತಿ ಬೆಂಡೂ ಒಂದು ನಷ್ಟ. ಬೆಂಡು ಹೆಚ್ಚಾದಷ್ಟೂ ಪ್ರೆಶರ್ ಕಡಿಮೆ, ಮೇಲಿನ ಗಿಡಕ್ಕೆ ನೀರಿಲ್ಲ. ಇನ್ನು ಕಾಫಿ ಬೆಳೆಯುವವರಿಗೆ ನಿಂತ ನೀರೆಂದರೆ ವೈರಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಹೋಯಿತೆಂದೇ ಲೆಕ್ಕ. ಇಂಥ ಮನುಷ್ಯರ ಎದುರು ನಿಂತು ನಾನು, ಪೈಪಿನಲ್ಲಿ ನೀರು ನಿಲ್ಲಬೇಕು ಎಂದೆ.

“ನೀರು ನಿಲ್ಲಿಸ್ಬೇಕಾ?” ಮೇಸ್ತ್ರಿ ಗೌಡ್ರ ಕಡೆ ತಿರುಗಿದರು. “ಎಂತ ಮಾತು ಇವ್ರದ್ದು! ನಿಂತ್ರೇ ಅಲ್ವಾ ನಾರೋದು? ಬೇಸಿನ್ ಜೊತೆ ಒಂದು ಸೊಟ್ಟ ಪೈಪ್ ಬಂದಿತ್ತು. ಅದ್ರಲ್ಲಿ ಕಸ ಕಟ್ತದೆ ಅಂತ ತೆಗ್ದು ನೇರ ಮಾಡಿದೀನಿ. ಅದೂ ತಪ್ಪಾ?”

ಆ ಸೊಟ್ಟ ಪೈಪು ಪಂಪ್ ಶೆಡ್ಡಿನಲ್ಲಿತ್ತು, ಹಗ್ಗ ನೇತುಹಾಕುವ ಕೊಕ್ಕೆಯಾಗಿ. ಕೋಪಕ್ಕಿಂತ ನಗು ಬಂತು. ಅದನ್ನು ತೊಳೆದು ಬೇಸಿನ್ನಿಗೆ ಮರಳಿ ಹಾಕಿದೆ. ನೆಲದ ಮೋರಿಗೆ ಏನು ಮಾಡುವುದು ಎಂಬುದೇ ಕಷ್ಟವಾಗಿತ್ತು.

ನೆಲ ಒಡೆದು ಮೋರಿಯ ಬಾಯಿಗೇ ಟ್ರ್ಯಾಪ್ ಕೂರಿಸುವುದು ಸರಿಯಾದ ಕ್ರಮ. ಹಾಗೆಂದ ಕೂಡಲೇ ಅಮ್ಮಾವ್ರು ಕೈ ಅಡ್ಡ ಹಿಡಿದರು. “ಬಸುರಿ ಇರೋ ಮನೇಲಿ ನೆಲ ಒಡೆಯೋದು, ಗೋಡೆ ಕೊರೆಯೋದು, ಮೊಳೆ ಹೊಡೆಯೋದು ಎಂತದೂ ಇಲ್ಲ. ಅವ್ಳು ಹೊರಟು ಹೋದ್ರೂ ಅಡ್ಡಿಲ್ಲ, ಅದು ಮಾತ್ರ ಆಗೋದಿಲ್ಲ.” ನಾನು ವಾದಿಸಲಿಲ್ಲ. ನನ್ನ ಹೆಂಡತಿ ಬಸುರಿಯಾಗಿದ್ದಾಗ ಕ್ಯಾಲೆಂಡರ್ ತೂಗಲಿಕ್ಕೂ ನಮ್ಮಮ್ಮ ಮೊಳೆ ಹೊಡೆಯಗೊಟ್ಟಿರಲಿಲ್ಲ. ಕೊನೆಗೆ ಅದನ್ನು ಅನ್ನದ ಅಗುಳಿನಲ್ಲಿ ಬಾಗಿಲಿಗೆ ಅಂಟಿಸಿದ್ದೆವು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪುಣ್ಯಕ್ಕೆ ಪೈಪು ಎದೆಮಟ್ಟದಲ್ಲಿ ಹೊರಗೇ ಇತ್ತು. ಗೋಡೆಯಿಂದ ಒಂದು ಗೇಣು ಬಿಟ್ಟು ಅದನ್ನು ಕೊಯ್ದು, ಅಲ್ಲಿಯೇ ಟ್ರ್ಯಾಪ್ ಕೂರಿಸಿದೆ. ಮೇಲೆ ತಿರುಪು ಮುಚ್ಚಳವಿದ್ದ ಟ್ರ್ಯಾಪ್; ಬಿಚ್ಚಿದರೆ ಒಳಗಿನ ನೀರು ಕಾಣುತ್ತದೆ. ಗರಗಸ ಪೈಪಿಗೆ ತಾಗಿದಾಗ ಮೇಸ್ತ್ರಿ ಮುಖ ತಿರುಗಿಸಿಕೊಂಡರು. ಅಂಟು ಒಣಗಿದ ಮೇಲೆ ಚೊಂಬಿನಲ್ಲಿ ನೀರು ಸುರಿದು ಊದಿನಕಡ್ಡಿ ಹಿಡಿದೆ. ಹೊಗೆ ನೆಟ್ಟಗೆ ಏರಿತು. ಬಚ್ಚಲಿಗೆ ಫಿನೈಲ್ ಹಾಕಿ ತೊಳೆಸಿ, ಕಿಟಕಿ ತೆರೆಸಿದೆ. ಸಂಜೆಗೆ ಹೂವಿನ ಘಮ ಮನೆಯೊಳಗೂ ಬಂತು. ನನ್ನನ್ನು ಕಳಿಸಿಕೊಡುವಾಗ ಅಮ್ಮಾವ್ರ ಮುಖ ನೋಡಬೇಕಿತ್ತು. ನಾನೂ ಎದೆ ಉಬ್ಬಿಸಿಕೊಂಡೇ ಬಸ್ಸು ಹತ್ತಿದೆ.

ಆ ಎದೆ ಬಹಳ ಕಾಲ ಉಬ್ಬಿರಲಿಲ್ಲ. ಅದೇ ವಾರ, ಶನಿವಾರ ಬೆಳಿಗ್ಗೆ ಅಂಗಡಿಗೆ ಫೋನು ಬಂತು. ಅಮ್ಮಾವ್ರ ಧ್ವನಿ ಬಿದ್ದುಹೋಗಿತ್ತು. “ಮತ್ತೆ ಬಂತು ಕಣಪ್ಪ. ಮೊದ್ಲಿನಷ್ಟೇ. ಅಳಿಯಂದ್ರಿಗೆ ‘ಎಲ್ಲಾ ಸರಿ ಆಯ್ತು, ಬರ್ಬೇಡಿ’ ಅಂತ ಬೇರೆ ಹೇಳ್ಬಿಟ್ಟಿದ್ದೆ. ನಿನ್ನೆಯಿಂದ ಅವ್ಳು ಒಂದು ಲೋಟ ಗಂಜೀನೂ ಕುಡ್ದಿಲ್ಲ, ನಂಗೂ ತುತ್ತು ಸೇರ್ತಿಲ್ಲ. ಕೊನೆಗೆ ನಾನೇ ಫೋನ್ ಮಾಡಿ ಬನ್ನಿ ಅಂದೆ, ನಾಳೆ ಮಧ್ಯಾಹ್ನ ಕಾರ್ ತಗೊಂಡು ಬರ್ತಾರಂತೆ.”

ಟ್ರ್ಯಾಪ್ ಹಾಕಿದ ಮೇಲೆ ನಾತ ಹೇಗೆ ಬರುತ್ತದೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಜಗಿದೆ. ಮೇಸ್ತ್ರಿಯೇ ಸಿಟ್ಟಿಗೆ ಏನಾದರೂ ಮಾಡಿರಬಹುದೇ ಎಂಬ ಕೆಟ್ಟ ಯೋಚನೆಯೂ ಬಂತು. ಹೋಗಿ ನೋಡಿದರೆ ನನ್ನ ಅಂಟು ಹಾಗೆಯೇ ಇತ್ತು, ಒಂದು ಹನಿ ಸೋರಿಕೆಯಿಲ್ಲ. ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟೆ. ಒಳಗೆ ನೀರು ಹೊಳೆಯಬೇಕಿತ್ತು. ಕಾಣಲಿಲ್ಲ. ಕಾಫಿ ಕಡ್ಡಿಯೊಂದನ್ನು ಮುರಿದು ಇಳಿಬಿಟ್ಟು ತೆಗೆದರೆ ತುದಿ ಮಾತ್ರ ಒದ್ದೆಯಾಗಿತ್ತು. ಬಾಗು ಖಾಲಿ. ನೀರು ಎಲ್ಲಿಗೆ ಹೋಯಿತು? ಚೊಂಬಿನಲ್ಲಿ ಸುರಿದೆ, ತುಂಬಿತು. ಬಹಳ ಹೊತ್ತು ಕಾದೆ, ಇಳಿಯಲಿಲ್ಲ. ನಾತ ನಿಂತಿತು. ನನಗೆ ತಲೆ ಕೆಟ್ಟುಹೋಯಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ, ಪೈಪಿಗೊಂದು, ನನಗೊಂದು ಬೈದುಕೊಂಡೆ.

ದಾರಿ ತೋರಿಸಿದ್ದು ಮಗಳ ಮೂಗು. ಜಗಲಿಯ ಕುರ್ಚಿಯಲ್ಲಿ ಸೆರಗು ಮೂಗಿಗೆ ಹಿಡಿದು ಕೂತಿದ್ದವಳು, ನಾನು ಒಳಗೂ ಹೊರಗೂ ಅಲೆಯುವುದನ್ನು ನೋಡಿ ಕರೆದಳು. ಕೆನ್ನೆ ಒಳಕ್ಕೆ ಹೋಗಿತ್ತು, ಆದರೆ ಮಾತಿನಲ್ಲಿ ತುಂಟತನ ಉಳಿದಿತ್ತು.

“ನೀವು ರಿಪೇರಿ ಮಾಡಿ ಹೋದ್ರಲ್ಲ, ಆಮೇಲೆ ಒಂಚೂರೂ ಬರ್ಲಿಲ್ಲ. ಆಗ ಅಪ್ಪ ಚಿಕ್ಕಮಗಳೂರಿಗೆ ಹೋಗಿದ್ರು. ಅಪ್ಪ ವಾಪಸ್ ಬಂದ್ರು, ಸ್ನಾನ ಮಾಡಿದ್ರು, ವಾಸನೆ ಬಂತು. ಇವತ್ತೂ ಅಷ್ಟೇ. ಅವ್ರು ಸ್ನಾನ ಮುಗ್ಸಿ ಹೊರಗೆ ಬರ್ತಾರೆ, ಹಿಂದೇನೇ ಅದೂ ಬರ್ತದೆ.”

“ನಾನು ಹೇಳಿದ್ರೆ ಬೈತಾರೆ,” ಎಂದರು ಅಮ್ಮಾವ್ರು.

ಗೌಡ್ರು ಕೆಂಪಾದರು. “ಎಂತ? ನಾತ ಬರೋದು ನನ್ನಿಂದ ಅಂತಾನಾ? ಈ ಮನೇಲಿ ನನ್ನಷ್ಟು ಚೊಕ್ಕ ಸ್ನಾನ ಮಾಡೋರು ಯಾರಿದ್ದಾರೆ?”

“ಹೆಂಗೆ ಮಾಡ್ತೀರಿ ಗೌಡ್ರೇ, ಅದನ್ನೊಂಚೂರು ಹೇಳಿ,” ಎಂದೆ.

ಅವರು ಹೇಳಿದ್ದು ಇಷ್ಟು. ಬಚ್ಚಲಲ್ಲಿ ಸೋಪಿನ ನೊರೆ ಬಿಟ್ಟು ಬರಬಾರದು ಎಂದು ಅವರ ತಾಯಿ ಚಿಕ್ಕಂದಿನಿಂದ ರೂಢಿ ಮಾಡಿಸಿದ್ದರು. ಸ್ನಾನವಾದ ಮೇಲೆ ದೊಡ್ಡ ತಾಮ್ರದ ಕೊಳಗದ ತುಂಬ ನೀರು ತುಂಬಿ ನೆಲಕ್ಕೆ ಒಮ್ಮೆಲೇ ಬೋರಲು ಹಾಕಬೇಕು. ಮತ್ತೊಂದು ಕೊಳಗ. ಆಮೇಲೆಯೇ ಹೊರಗೆ ಬರುವುದು. ಹೆಂಗಸರು ಬಿಂದಿಗೆಯಿಂದ ಚೊಂಬು ಚೊಂಬಾಗಿ ಹಾಕುತ್ತಿದ್ದರು. ನಾನು ಪರೀಕ್ಷೆ ಮಾಡಿದ್ದೂ ಚೊಂಬಿನಲ್ಲೇ.

“ಈಗ ಹಂಗೇ ಹಾಕಿ,” ಎಂದು ಊದಿನಕಡ್ಡಿ ಹಚ್ಚಿಕೊಂಡು ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಗೌಡ್ರು ಪಂಚೆ ಎತ್ತಿ ಕಟ್ಟಿ, ಅವಮಾನವಾದವರ ಆವೇಶದಲ್ಲಿ ಕೊಳಗ ಬೋರಲು ಹಾಕಿದರು. ನನ್ನ ಪ್ಯಾಂಟು ಮೊಣಕಾಲಿನವರೆಗೆ ನೆನೆಯಿತು. ನೀರು ಸುಳಿ ಸುತ್ತುತ್ತ ಮೋರಿಗೆ ಇಳಿಯಿತು. ಕೊನೆಯ ನೀರು ಹೋಗುತ್ತಿದ್ದಂತೆ ಒಳಗಿಂದ ‘ಗೊರ್ರ್’ ಎಂದು ಒಂದು ಸದ್ದು. ಊದಿನಕಡ್ಡಿಯ ಹೊಗೆ ಸರ್ರನೆ ಮೋರಿಯೊಳಕ್ಕೆ ನುಗ್ಗಿತು. ಒಂದು ಗಳಿಗೆ ಎಲ್ಲ ಸ್ತಬ್ಧ. ಆಮೇಲೆ ಹೊಗೆ ನಿಧಾನಕ್ಕೆ ವಾಲಿ ನನ್ನ ಮುಖದ ಕಡೆ ತಿರುಗಿತು, ಜೊತೆಗೆ ಆ ನಾತ.

ಆಗ ತಿಳಿಯಿತು. ಡೀಸೆಲ್ ಡ್ರಮ್ಮಿಗೆ ಟ್ಯೂಬು ಇಳಿಬಿಟ್ಟು ಬಾಯಲ್ಲಿ ಒಮ್ಮೆ ಎಳೆದರೆ, ಆಮೇಲೆ ತಾನಾಗಿಯೇ ಇಳಿಯುತ್ತದಲ್ಲ? ಇಲ್ಲಿಯೂ ಅದೇ. ಸಣ್ಣ ಪೈಪು, ಕಡಿದಾದ ಇಳಿಜಾರು. ಕೊಳಗದ ನೀರು ಪೈಪನ್ನು ಭರ್ತಿ ತುಂಬಿಕೊಂಡು ಜಾರುವಾಗ ತನ್ನ ಹಿಂದಿನ ಗಾಳಿಯನ್ನೂ ಎಳೆಯುತ್ತದೆ. ಎಳೆತಕ್ಕೆ ಗಾಳಿ ಸಿಗದಿದ್ದರೆ ಟ್ರ್ಯಾಪಿನಲ್ಲಿ ನಿಂತ ನೀರನ್ನೂ ಬಾಚಿಕೊಂಡು ಹೋಗುತ್ತದೆ. ಬಾಗು ಬರಿದಾಗುತ್ತದೆ, ಗುಂಡಿಯ ಗಾಳಿಗೆ ಬಾಗಿಲು ತೆರೆದಂತೆ. ಬಚ್ಚಲನ್ನು ಹೆಚ್ಚು ಚೊಕ್ಕ ಮಾಡಿದಷ್ಟೂ ಮನೆ ಹೆಚ್ಚು ನಾರುತ್ತಿತ್ತು.

“ಅಂದ್ರೆ ನಾನು ಕೊಳಗ ಹಾಕ್ದಿದ್ರೆ ಆಯ್ತಲ್ಲ?” ಎಂದರು ಗೌಡ್ರು. ಮಗಳಿಗಾಗಿ ಜನ್ಮದ ರೂಢಿಯನ್ನೇ ಬಿಡಲು ಆ ಗಟ್ಟಿ ದನಿಯ ಮನುಷ್ಯ ತಯಾರಾಗಿದ್ದು ನೋಡಿ ನನಗೆ ಅವರ ಮೇಲೆ ಪ್ರೀತಿ ಬಂತು. ಅದು ಎಲ್ಲಕ್ಕಿಂತ ಸುಲಭದ ದಾರಿ. ಅಳಿಯ ಬರುವುದರೊಳಗೆ ಚೊಂಬಿನಲ್ಲಿ ನೀರು ತುಂಬಿಸಿ, ಕೊಳಗವನ್ನು ಅಟ್ಟಕ್ಕೆ ಹಾಕಿ, ನಾನು ಬಸ್ಸು ಹತ್ತಬಹುದಿತ್ತು.

ಅಮ್ಮಾವ್ರ ಮುಖ ನೋಡಿದೆ. “ಬಾಣಂತಿಗೆ ನೀರು ಹಾಕೋದು ಚೊಂಬಲ್ಲಾ?” ಎಂದರು ಮೆಲ್ಲಗೆ. “ಹಂಡೆ ಹಂಡೆ ನೀರು ಹೊಯ್ಬೇಕಲ್ಲಪ್ಪ. ಆಗ ಏನ್ಮಾಡೋದು?”

ಹೌದಲ್ಲ. ಎಣ್ಣೆ ಹಚ್ಚಿದ ಬೆನ್ನಿಗೆ ಸುಡುಸುಡು ನೀರು ಹೊಯ್ಯುವ ಆ ಸ್ನಾನಕ್ಕೆಂದೇ ಕಟ್ಟಿದ ಬಚ್ಚಲು ಅದು. ಹಸಿಗೂಸು ಮಲಗಿರುವಾಗ ಪಕ್ಕದ ಕೋಣೆಗೆ ಈ ಗಾಳಿ ನುಗ್ಗಿದರೆ? ಚೊಂಬಿಗೆ ಮಾತ್ರ ತಡೆಯುವ ಟ್ರ್ಯಾಪನ್ನು ನಂಬಿಸಿ ಹೋಗುವುದು ಬೇಡ ಎಂದು ನಿರ್ಧರಿಸಿದೆ. ಮೇಸ್ತ್ರಿಯವರ ಪೈಪನ್ನು ಇನ್ನೊಂದು ಕಡೆ ಕೊಯ್ದು, ಅದಕ್ಕೆ ಉಸಿರಾಡಲು ಒಂದು ಗಾಳಿಪೈಪು ಏರಿಸಬೇಕು. ಅಂದು ರಾತ್ರಿ ತೋಟದ ಲೆಕ್ಕ ಬರೆಯುವ ರೈಟರ ಕೋಣೆಯಲ್ಲಿ ಉಳಿದುಕೊಂಡೆ.

ಭಾನುವಾರ ಬೆಳಗಾಗುತ್ತಲೇ ಪಂಪ್ ಶೆಡ್ಡಿಗೆ ಹೋದೆ. ಗಾಳಿಪೈಪಿಗೆ ಬೇಕಾದಷ್ಟು ಉದ್ದದ ಪೈಪು ಇದ್ದದ್ದು ಮೇಸ್ತ್ರಿಯವರ ಬಳಿ ಮಾತ್ರ. ಅವರು ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು, ತಲೆ ಎತ್ತಲಿಲ್ಲ.

“ಮತ್ತೆ ಕೊಯ್ತೀರಂತೆ.”

“ಕೊಯ್ತೀನಿ. ಮೊದ್ಲು ಒಂದು ಮಾತು ಹೇಳಿ ಮೇಸ್ತ್ರಿ. ಗುಡ್ಡದ ಮೇಲೆ ಲೈನ್ ತುಂಬಾ ನೀರಿರೋವಾಗ ಇಂಜಿನ್ ಆಫ್ ಮಾಡಿದ್ರೆ ಮೇಲ್ತುದೀಲಿ ಎಂತ ಆಗ್ತದೆ?”

“ಎಂತ ಆಗ್ತದೆ? ನೀರೆಲ್ಲ ಕೆಳಗೆ ಎಳೀತದೆ. ಗಾಳಿ ಒಳಗೆ ಬಿಡೋ ಏರ್ ವಾಲ್ವ್ ಇಲ್ದಿದ್ರೆ ಪೈಪ್ ಚಪ್ಪಟೆ.”

“ಅದಕ್ಕೆ ನೀವು ಏರ್ ವಾಲ್ವ್ ಇಡ್ತೀರಿ. ಬಚ್ಚಲಿನ ಲೈನಿಗೂ ಅದೇ ಎಳೆತ. ವಾಲ್ವ್ ಇಲ್ಲ. ಅದಕ್ಕೇ ಆ ಬಾಗಿನ ನೀರನ್ನ ಕುಡಿದುಬಿಡ್ತದೆ.”

ಮೇಸ್ತ್ರಿ ಎಣ್ಣೆ ಡಬ್ಬಿ ಕೆಳಗಿಟ್ಟರು. ಪೈಪಿನ ರಾಶಿಯ ಕಡೆ ನೋಡಿದರು. “ಇದನ್ನ ಮೊನ್ನೆಯೇ ಹಿಂಗೆ ಹೇಳೋದಲ್ವಾ ಮಾರಾಯ್ರೆ! ನೀರು ನಿಲ್ಲಿಸಿ, ನೀರು ನಿಲ್ಲಿಸಿ ಅಂತ ತಲೆ ತಿಂದ್ರಿ,” ಎಂದು ಎದ್ದು, ಇರುವುದರಲ್ಲೇ ಒಳ್ಳೆಯ ಪೈಪು ಆರಿಸಿ ಹೆಗಲಿಗೇರಿಸಿದರು.

ಟ್ರ್ಯಾಪ್ ದಾಟಿದ ಕೂಡಲೇ, ಪೈಪು ಇಳಿಜಾರಿಗೆ ತಿರುಗುವ ಮೊದಲು, ಗಾಳಿಪೈಪು ಏರಿಸಲು ಮೂರು ಬಾಯಿಯ ಟೀ ಜಾಯಿಂಟ್ ಕೂರಿಸಿದೆವು. ಆ ಜಾಯಿಂಟು ನನ್ನ ಚೀಲದಲ್ಲಿತ್ತು. ಉದ್ದ ಸಾಲದ ಕಡೆ ಎರಡು ಪೈಪು ಸೇರಿಸಲು ಮೇಸ್ತ್ರಿ ಕಾಫಿ ಹೊಟ್ಟಿಗೆ ಬೆಂಕಿ ಹಾಕಿ, ಒಂದರ ತುದಿಯನ್ನು ಕಾಯಿಸಿ ಅಗಲಿಸಿ, ಇನ್ನೊಂದನ್ನು ತಿರುವಿ ತೂರಿಸಿದರು. ಮೊಳೆ ಹೊಡೆಯುವಂತಿರಲಿಲ್ಲ, ಹಾಗಾಗಿ ಪೈಪನ್ನು ಗೋಡೆಗೆ ಹಿಡಿಸುವ ಕ್ಲಾಂಪಿನ ಮಾತೇ ಇಲ್ಲ. ಸ್ಪ್ರಿಂಕ್ಲರ್ ನಿಲ್ಲಿಸುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನು ತಂದು ಗೋಡೆಯ ಬುಡದಲ್ಲಿಟ್ಟು ಅದಕ್ಕೆ ಪೈಪು ಕಟ್ಟಿದೆವು. ಮೇಲೆ ಮಾಡಿನ ಹೆಂಚು ಹೊತ್ತ ಪಕಾಸಿನ ಮರಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ ಬಿಗಿದೆವು. ತುದಿ ಹೆಂಚಿನ ನೆತ್ತಿಗಿಂತ ಎತ್ತರಕ್ಕೆ ಹೋಗುವಂತೆ ನೋಡಿಕೊಂಡು, ಇಲಿ ಹಕ್ಕಿ ನುಗ್ಗದ ಹಾಗೆ ಬಾಯಿಗೆ ಜಾಲರಿ ಕಟ್ಟಿದೆವು. ಹಳೆಯ ಟ್ರ್ಯಾಪ್ ಕಿತ್ತು, ಜೊತೆಗೆ ತಂದಿದ್ದ, ಇನ್ನೂ ಆಳದ ಬಾಗಿನದ್ದನ್ನು ಹಾಕಿದೆ. ಗೌಡ್ರು ಕೆಳಗೆ ನಿಂತು, “ಬಲಕ್ಕೆ, ಬಲಕ್ಕೆ” ಎಂದು ಯಾರಿಗೂ ಬೇಡದ ಸಲಹೆ ಕೊಡುತ್ತಿದ್ದರು.

ಅಂಟು ಒಣಗುವವರೆಗೆ ಕಾಯುವುದಿದೆಯಲ್ಲ, ಅದರಷ್ಟು ಕೆಟ್ಟ ಹೊತ್ತು ಇನ್ನೊಂದಿಲ್ಲ. ಗೇಟಿನ ಕಡೆ ಯಾವ ಗಾಡಿಯ ಸದ್ದಾದರೂ ಅಮ್ಮಾವ್ರು ಬೆಚ್ಚುತ್ತಿದ್ದರು. ಒಳಗೆ ಮಗಳ ಬಟ್ಟೆಗಳು ಮಂಚದ ಮೇಲೆ ಮಡಿಸಿಟ್ಟಿದ್ದವು, ಚೀಲಕ್ಕೆ ತುಂಬುವುದೊಂದು ಬಾಕಿ.

“ಗೌಡ್ರೇ, ಸ್ನಾನ ಮಾಡಿ,” ಎಂದೆ.

“ಬೆಳಿಗ್ಗೆ ಆಯ್ತಲ್ಲ.”

“ಇನ್ನೊಂದ್ಸಲ ಮಾಡಿ. ಹೆಂಗೆ ಮಾಡ್ತೀರೋ ಹಂಗೇ.”

ಗೌಡ್ರು ಬಾಗಿಲು ಹಾಕಿಕೊಂಡರು. ನಾನು ಮತ್ತು ಮೇಸ್ತ್ರಿ ಹೊರಗೆ ಟ್ರ್ಯಾಪಿನ ಬಳಿ ನಿಂತೆವು. ಒಳಗೆ ಕೊಳಗ ಬೋರಲಾದ ಸದ್ದು ಕೇಳಿತು. ನೀರು ಪೈಪಿನಲ್ಲಿ ಧಡಧಡನೆ ಇಳಿಯಿತು. ಗಾಳಿಪೈಪು ‘ಹುಸ್’ ಎಂದು ಉಸಿರೆಳೆದುಕೊಂಡಿತು. ಗೊರಕೆ ಇಲ್ಲ. ಎರಡನೇ ಕೊಳಗ, ಮತ್ತೆ ಅದೇ ಉಸಿರು. ಮುಚ್ಚಳ ಬಿಚ್ಚಿ ಕಾಫಿ ಕಡ್ಡಿ ಇಳಿಸಿ ಮೇಲೆತ್ತಿದೆ. ಕಡ್ಡಿ ಅರ್ಧದವರೆಗೂ ಒದ್ದೆಯಾಗಿತ್ತು.

“ನಿಂತದೆ,” ಎಂದರು ಮೇಸ್ತ್ರಿ. ಜೀವಮಾನದಲ್ಲಿ ಅವರು ನಿಂತ ನೀರು ನೋಡಿ ಸಂತೋಷಪಟ್ಟದ್ದು ಅದೊಂದೇ ಸಲ ಇರಬೇಕು.

ಊದಿನಕಡ್ಡಿ ಹಿಡಿಯುವ ಧೈರ್ಯ ನನಗಾಗಲಿಲ್ಲ. ಅದಕ್ಕಿಂತ ಚೆನ್ನಾಗಿ ಹೇಳುವ ಮೂಗು ಮನೆಯಲ್ಲೇ ಇತ್ತು. ಗೌಡ್ರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಗಳು ಎದ್ದು, ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಬಚ್ಚಲಿಗೆ ಹೋದಳು. ಮೂಗಿನಿಂದ ಸೆರಗು ತೆಗೆದಳು. ನಾವೆಲ್ಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಅವಳು ಮೋರಿಯ ಹತ್ತಿರ ಹೋಗಿ ನಿಂತಳು, ಬೇಸಿನ್ನಿನ ಹತ್ತಿರ ಬಂದಳು, ಕಣ್ಣು ಮುಚ್ಚಿ ಒಂದು ದೀರ್ಘ ಉಸಿರೆಳೆದುಕೊಂಡಳು.

“ಅಮ್ಮ, ಹಸಿವಾಗ್ತಿದೆ,” ಎಂದಳು.

ನನಗೆ ಹೋದ ಜೀವ ಬಂದಂತಾಯಿತು. ಗೌಡ್ರು ಮೇಸ್ತ್ರಿಯವರ ಬೆನ್ನಿಗೆ ಒಂದು ಗುದ್ದು ಗುದ್ದಿದರು, ನಾನು ಸಿಕ್ಕಿದ್ದರೆ ನನಗೂ ಬೀಳುತ್ತಿತ್ತು. ಅಮ್ಮಾವ್ರು ಅಡುಗೆಮನೆಗೆ ನಡೆದ ವೇಗದಲ್ಲಿ ಬಾಗಿಲ ಬಳಿಯ ಬಿಂದಿಗೆ ಉರುಳಿತು. ನಮಗೂ ಒಳಗೇ ತಟ್ಟೆ ಇಟ್ಟರು. ಕಡುಬು, ಕಾಯಿಚಟ್ನಿ. ಮಗಳು ಮಾತಿಲ್ಲದೆ ತಿನ್ನುತ್ತಿದ್ದಳು. ಒಂದು, ಇನ್ನೊಂದು. ಅಮ್ಮಾವ್ರು ಎದುರಿಗೆ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದರು. ಯಾವ ಗಳಿಗೆಯಲ್ಲಾದರೂ ಅವಳು ಬಾಯಿಗೆ ಕೈಯಿಟ್ಟು ಏಳಬಹುದೆಂಬ ಹೆದರಿಕೆ ಅವರಿಗಿನ್ನೂ ಹೋಗಿರಲಿಲ್ಲ. ಅವಳು ಏಳಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಅಳಿಯ ಗಡಿಬಿಡಿಯಿಂದಲೇ ಒಳಗೆ ಬಂದ. ಒಳ್ಳೆಯ ಹುಡುಗ, ಚಿಂತೆಯಿಂದ ಮುಖ ಸಣ್ಣಗಾಗಿತ್ತು. ಹೆಂಡತಿ ತಟ್ಟೆಯ ಮುಂದೆ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಅವನನ್ನು ಕರೆಸಿದವರು ಅಮ್ಮಾವ್ರು, ಮಾತೂ ಅವರೇ ಆಡಬೇಕಿತ್ತು.

ಅವರು ಸೆರಗಿಗೆ ಕೈ ಒರೆಸಿಕೊಂಡರು. “ಮಗಾ, ಅವ್ರು ಬಂದಿದಾರೆ ನೋಡು. ಹೊರಡ್ತೀಯಾ?”

ಮಗಳು ಚಟ್ನಿಯ ಬೋಗುಣಿಯನ್ನು ಹತ್ತಿರಕ್ಕೆಳೆದುಕೊಂಡಳು.

“ಎಲ್ಲಿಗೆ?” ಎಂದಳು.

ಅಮ್ಮಾವ್ರು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟರು. ಅಳಿಯ, ಗಂಡ, ನಾವು ಯಾರಿದ್ದೇವೆ ಎಂದೂ ನೋಡದೆ ಮಗಳ ತಟ್ಟೆಗೇ ಕೈ ಹಾಕಿ, ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.